ಗೆಳೆಯನ ಕೈಕೆಲಸ ಕೆಟ್ಟಾಗ

ಮನೆ ಕಟ್ಟಿಕೊಡುವ ಸಣ್ಣ ಗುತ್ತಿಗೆದಾರ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಸೆಂಟ್ರಿಂಗ್ ಒಬ್ಬರಿಗೆ, ಕಂಬಿ ಕಟ್ಟುವುದು ಇನ್ನೊಬ್ಬರಿಗೆ, ಗಾರೆ ಕೆಲಸ, ಟೈಲ್ಸು, ಪ್ಲಂಬಿಂಗು ಮತ್ತೊಬ್ಬರಿಗೆ ಎಂದು ಹಂಚಿಬಿಡುತ್ತಾನೆ. ಹಂಚುವಾಗ ಮೊದಲು ನೆನಪಾಗುವವರು ಪರಿಚಯದವರೇ: ಜೊತೆಯಲ್ಲಿ ಓದಿದವನು, ಒಂದೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವನು, ತಂಗಿಯ ಮದುವೆಗೆ ನಿಂತು ಓಡಾಡಿದವನು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಗೆಳೆಯ ಕಟ್ಟಿದ ಗೋಡೆ ವಾಲಿದಾಗ, ಹಾಕಿದ ಟೈಲ್ಸು ಟೊಳ್ಳು ಸದ್ದು ಮಾಡಿದಾಗ, ಮೋಲ್ಡಿನ ಅಡಿಯಲ್ಲಿ ಕಂಬಿ ಕಂಡಾಗ ಬಾಯಿ ಕಟ್ಟುತ್ತದೆ. ಅಪರಿಚಿತನಾಗಿದ್ದರೆ ಆ ಕ್ಷಣವೇ ಒಡೆಸುತ್ತಿದ್ದವರು ಗೆಳೆಯನೆದುರು ದಾಕ್ಷಿಣ್ಯಕ್ಕೆ ಸಿಕ್ಕಿ ಸುಮ್ಮನಾಗುತ್ತಾರೆ.

ಇಂಥ ತಕರಾರುಗಳಲ್ಲಿ ಅಳತೆ ಹಿಡಿದು ಹೇಳಲು ನಮ್ಮಂಥ ಎಂಜಿನಿಯರುಗಳನ್ನು ಕರೆಯುತ್ತಾರೆ. ಕರೆಯುವ ಹೊತ್ತಿಗೆ ಸಾಮಾನ್ಯವಾಗಿ ಗೋಡೆಯೂ ಕೆಟ್ಟಿರುತ್ತದೆ, ಮಾತೂ ಮುರಿದಿರುತ್ತದೆ. ಎರಡನ್ನೂ ಕೆಡಿಸಿದ್ದು ಒಂದೇ, ಹೇಳಬೇಕಾದ ದಿನ ಹೇಳದೆ ಉಳಿದದ್ದು. ಹಾಗೆ ಬಾಯಿ ಕಟ್ಟಿಸುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

“ನಮ್ಮವನೇ ಅಲ್ವಾ, ಹಿಂದೆ ನಿಂತು ನೋಡೋದು ಚೆನ್ನಾಗಿರಲ್ಲ.”

ಕೆಲಸವನ್ನು ತಪಾಸಣೆ ಮಾಡುವುದಕ್ಕೂ ಮನುಷ್ಯನನ್ನು ಅನುಮಾನಿಸುವುದಕ್ಕೂ ಸಂಬಂಧವಿಲ್ಲ. ಕಾಂಕ್ರೀಟು ಬಿದ್ದ ಮೇಲೆ ಕಂಬಿ ಕಾಣುವುದಿಲ್ಲ, ಟೈಲ್ಸು ಕೂತ ಮೇಲೆ ಅದರಡಿಯ ಪೈಪು ಕಾಣುವುದಿಲ್ಲ. ಮುಚ್ಚಿಹೋಗುವುದನ್ನು ಮುಚ್ಚುವ ಮೊದಲು ನೋಡುವುದು ಕಟ್ಟುವ ಕೆಲಸದ್ದೇ ಒಂದು ಭಾಗ. ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಸರಪಡುವುದಿಲ್ಲ. ತಾನೇ ಕರೆದು “ಬನ್ನಿ, ನೋಡಿಬಿಡಿ, ಆಮೇಲೆ ಮಾತು ಬರಬಾರದು” ಎನ್ನುತ್ತಾನೆ.

ನೋಡಲು ದೊಡ್ಡ ಉಪಕರಣ ಬೇಕಿಲ್ಲ. ತೂಗುಗುಂಡು, ರಸಮಟ್ಟ, ಮೂಲೆಮಟ್ಟ, ಒಂದು ಟೇಪು ಸಾಕು. ಇಟ್ಟಿಗೆ ಗೋಡೆ ಮೂರು ಮೀಟರ್ ಎತ್ತರಕ್ಕೆ 6 ಮಿಲಿಮೀಟರಿಗಿಂತ ಹೆಚ್ಚು ವಾಲಬಾರದು ಎನ್ನುವುದು ಭಾರತೀಯ ಮಾನಕದ ಲೆಕ್ಕ. ವರಸೆಗಳ ನಡುವಿನ ಗಾರೆ ಸುಮಾರು 10 ಮಿಲಿಮೀಟರ್ ಇರಬೇಕು. ಕೆಲವರು ಸೊಟ್ಟ ಇಟ್ಟಿಗೆಯನ್ನು ಸರಿದೂಗಿಸಲು ಎರಡು ಬೆರಳಿನಷ್ಟು ಗಾರೆ ತುಂಬುತ್ತಾರೆ. ಸಿಮೆಂಟೂ ದಂಡ, ಗೋಡೆಯೂ ಬಲಹೀನ. ಟೈಲ್ಸನ್ನು ಮರದ ಕೋಲಿನಿಂದ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಅಡಿಯಲ್ಲಿ ಗಾರೆ ಹಿಡಿದಿಲ್ಲ. ಬಚ್ಚಲಿನಲ್ಲಿ ಒಂದು ಬಕೆಟ್ ನೀರು ಸುರಿಯಿರಿ, ಅದು ಜಾಲರಿಯತ್ತ ತಾನಾಗಿ ಹೋಗಬೇಕು. ತಾರಸಿಗೆ ಬದು ಕಟ್ಟಿ ಕನಿಷ್ಠ ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ, ಕೆಳಗೆ ತೇವ ಬರುತ್ತದೆಯೇ ನೋಡಿ.

ಮುಖ್ಯವಾದ ಮಾತೊಂದಿದೆ. ಈ ತಪಾಸಣೆಯನ್ನು ಗೆಳೆಯನಿಗೂ ಮಾಡಿ, ಅಪರಿಚಿತನಿಗೂ ಮಾಡಿ. ಎಲ್ಲರ ಕೆಲಸಕ್ಕೂ ಗುಂಡು ಬಿಡುವವರು ನೀವಾಗಿದ್ದರೆ ಯಾರೂ ಅದನ್ನು ಅವಮಾನ ಎಂದುಕೊಳ್ಳುವುದಿಲ್ಲ. ಮೂರು ತಿಂಗಳು ಕಣ್ಣುಮುಚ್ಚಿಕೊಂಡಿದ್ದು ಒಂದು ದಿನ ಇದ್ದಕ್ಕಿದ್ದಂತೆ ಟೇಪು ಹಿಡಿದು ಬಂದರೆ ಮಾತ್ರ ಅದು ಅವನ ಎದೆಗೆ ನಾಟುತ್ತದೆ.

“ಕೆಡಿಸಿದ್ದು ಅವನು, ಉತ್ತರ ಹೇಳಬೇಕಾದ್ದೂ ಅವನೇ.”

ಮನೆಯ ಯಜಮಾನರ ಕೂಡ ಒಪ್ಪಂದ ಮಾಡಿಕೊಂಡವರು ನೀವು. ಚದರಕ್ಕೆ ಇಷ್ಟು ಎಂದು ಮಾತಾಡಿ ಮುಂಗಡ ತೆಗೆದುಕೊಂಡವರು ನೀವು. ಟೈಲ್ಸ್ ಹಾಕಿದವನ ಹೆಸರು ಅವರಿಗೆ ಗೊತ್ತಿರಬೇಕಾಗಿಯೂ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 40ನೇ ಕಲಮು ಒಪ್ಪಿಕೊಂಡ ಕೆಲಸವನ್ನು ಬೇರೆಯವರಿಂದ ಮಾಡಿಸಲು ಅವಕಾಶ ಕೊಡುತ್ತದೆ, ಆದರೆ ಅವರು ಸಮರ್ಥರಾಗಿರಬೇಕು ಎನ್ನುತ್ತದೆ. ಆಯ್ಕೆ ನಿಮ್ಮದು, ಹಾಗಾಗಿ ಹೊಣೆಯೂ ನಿಮ್ಮದು. ಗೆಳೆಯನಿಂದ ನಷ್ಟ ವಸೂಲು ಮಾಡುವ ಹಕ್ಕು ನಿಮಗಿದೆ ನಿಜ, ಅದು ನಿಮ್ಮಿಬ್ಬರ ನಡುವಿನ ಲೆಕ್ಕ. ಯಜಮಾನರಿಗೆ “ಅವನನ್ನು ಕೇಳಿ” ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ.

ಈ ಇಬ್ಬರು ಗೆಳೆಯರ ದಾಕ್ಷಿಣ್ಯದ ನಡುವೆ ಮರೆತುಹೋಗುವವರು ಆ ಮನೆಯವರೇ. ನಿವೃತ್ತಿಯ ಹಣ, ಅಡವಿಟ್ಟ ಒಡವೆ, ಇಪ್ಪತ್ತು ವರ್ಷದ ಬ್ಯಾಂಕ್ ಸಾಲ, ಇವುಗಳಿಂದ ಆ ಗೋಡೆ ಎದ್ದಿರುತ್ತದೆ. ನಿಮ್ಮ ಸ್ನೇಹ ಉಳಿಸಿಕೊಳ್ಳಲು ಅವರು ಯಾಕೆ ದುಡ್ಡು ತೆರಬೇಕು?

“ಮೇಲೆ ಪ್ಲಾಸ್ಟರ್ ಹೊಡೆದರೆ ಎಲ್ಲ ಮುಚ್ಚಿಹೋಗುತ್ತೆ.”

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಯಾಕೆಂದರೆ ನೋಟಕ್ಕೆ ಇದು ನಿಜವೆನಿಸುತ್ತದೆ.

ಕೆಟ್ಟ ಕೆಲಸದಲ್ಲಿ ಎರಡು ಬಗೆ. ಒಂದು ಕಣ್ಣಿಗೆ ಕೆಟ್ಟದ್ದು: ಟೈಲ್ಸಿನ ಗೆರೆ ಸೇರದಿರುವುದು, ಪ್ಲಾಸ್ಟರಿನ ಮೂಲೆ ಸೊಟ್ಟಗಿರುವುದು, ಬಣ್ಣದ ಕೆಳಗೆ ಕರಣೆಯ ಗುರುತು ಉಳಿದಿರುವುದು. ಇವು ಬೇಸರದ ಸಂಗತಿ, ಜೀವಕ್ಕೆ ಅಪಾಯವಲ್ಲ. ದರ ಇಳಿಸಿಕೊಂಡು ಒಪ್ಪುವುದೋ ಒಡೆಸಿ ಮಾಡಿಸುವುದೋ ಯಜಮಾನರ ಜೊತೆ ಕೂತು ತೀರ್ಮಾನಿಸಬಹುದು. ಇನ್ನೊಂದು ಬಗೆ ಕಟ್ಟಡದ ಎಲುಬಿಗೆ ತಗಲುವಂಥದ್ದು. ಅಲ್ಲಿ ಚೌಕಾಸಿಗೆ ಜಾಗವೇ ಇಲ್ಲ.

ಪಿಲ್ಲರಿನ ಬುಡದಲ್ಲಿ ಜಲ್ಲಿ ಜಲ್ಲಿಯಾಗಿ ಬಿಟ್ಟುಕೊಂಡು ತೂತು ತೂತಾಗಿ ಕಾಣುವ ಕಾಂಕ್ರೀಟನ್ನು ಎಲ್ಲರೂ ನೋಡಿರುತ್ತಾರೆ. ವೈಬ್ರೇಟರ್ ಸರಿಯಾಗಿ ಹಾಕದಿದ್ದರೆ, ಪಲಗೆಯ ಸಂದಿನಲ್ಲಿ ಸಿಮೆಂಟಿನ ಹಾಲು ಸೋರಿಹೋದರೆ ಹೀಗಾಗುತ್ತದೆ. ಅದರ ಮೇಲೆ ಗಾರೆ ಮೆತ್ತಿದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ತೇವ ಮತ್ತು ಗಾಳಿ ಒಳಗೆ ಹೋಗುವ ದಾರಿ ಹಾಗೇ ಇರುತ್ತದೆ. ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಪ್ಲಾಸ್ಟರು ಹಪ್ಪಳೆಯಾಗಿ ಉದುರಿದಾಗ ದುರಸ್ತಿಗೆ ತಗಲುವ ಖರ್ಚಿನ ಮುಂದೆ, ಅಂದು ಮಾಡಬೇಕಿದ್ದ ಖರ್ಚು ಏನೇನೂ ಅಲ್ಲ.

ಇಲ್ಲಿ ಯಾರ ಅಭಿಪ್ರಾಯವೂ ಬೇಕಿಲ್ಲ, ಅಳತೆ ಇದೆ. ಐಎಸ್ 456:2000 ಎನ್ನುವ ಮಾನಕದ ಪ್ರಕಾರ ಮಾಮೂಲಿ ವಾತಾವರಣದಲ್ಲಿ ಸ್ಲ್ಯಾಬಿನ ಕಂಬಿಗೆ 20 ಮಿಲಿಮೀಟರ್ ಕವರ್ ಇರಬೇಕು, ಪಿಲ್ಲರಿಗೆ 40, ಫುಟಿಂಗಿಗೆ 50. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟರೆ ಕಾಂಕ್ರೀಟು ಸುರಿಯುವಾಗ ಅದು ಜಾರಿ ಕಂಬಿ ಪಲಗೆಗೆ ಅಂಟಿಬಿಡುತ್ತದೆ. ಎಂ20 ಕಾಂಕ್ರೀಟಿನಲ್ಲಿ ನೀರು ಸಿಮೆಂಟಿನ ತೂಕದ 0.55 ಪಾಲು ಮೀರಬಾರದು, ಅಂದರೆ 50 ಕೆಜಿ ಮೂಟೆಗೆ ಹೆಚ್ಚೆಂದರೆ 27.5 ಲೀಟರ್. ಕೆಲಸ ಸಲೀಸಾಗಲಿ ಎಂದು ಇನ್ನೊಂದು ಬಕೆಟ್ ನೀರು ಹೊಯ್ದರೆ ಕಾಂಕ್ರೀಟಿನ ಶಕ್ತಿ ಅಲ್ಲೇ ಕಳೆದುಹೋಗುತ್ತದೆ. ಕ್ಯೂರಿಂಗ್ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸುವ ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10, ಸಾಧ್ಯವಾದರೆ 14 ದಿನ. ನಾಲ್ಕೂವರೆ ಮೀಟರಿನವರೆಗಿನ ಸ್ಲ್ಯಾಬಿನ ಆಸರೆಗಳನ್ನು 7 ದಿನ, ಅದಕ್ಕಿಂತ ಅಗಲವಿದ್ದರೆ 14 ದಿನ ತೆಗೆಯಬಾರದು. ಮುಂದಿನ ಸೈಟಿಗೆ ಪಲಗೆ ಬೇಕು ಎಂದು ಐದನೇ ದಿನಕ್ಕೆ ಬಿಚ್ಚುವ ಗೆಳೆಯನಿಗೆ “ಬೇಡ” ಎನ್ನಲು ಆಗದಿದ್ದರೆ ಆ ಕೆಲಸವನ್ನು ನೀವು ಒಪ್ಪಿಕೊಳ್ಳಲೇಬಾರದು.

ಅನುಮಾನ ಬಂದರೆ ಮೊದಲು ಗಾರೆ ಮೆತ್ತುವುದನ್ನು ನಿಲ್ಲಿಸಿ, ಫೋಟೊ ತೆಗೆಯಿರಿ, ನಕ್ಷೆ ಹಾಕಿದ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ. ರಿಬೌಂಡ್ ಹ್ಯಾಮರ್ ಪರೀಕ್ಷೆ ಮೇಲ್ಮೈಯ ಗಡಸುತನದ ಸುಳಿವು ಕೊಡುತ್ತದೆ. ಅದರಲ್ಲೂ ಸಂಶಯ ಉಳಿದರೆ ಕೋರ್ ತೆಗೆದು ಪರೀಕ್ಷಿಸಬಹುದು. ಕೋರುಗಳ ಸರಾಸರಿ ಬಲ ನಿಗದಿಯಾದದ್ದರ ಶೇ 85ಕ್ಕೆ ಮುಟ್ಟಿ, ಯಾವುದೊಂದೂ ಶೇ 75ಕ್ಕಿಂತ ಇಳಿಯದಿದ್ದರೆ ಮಾನಕ ಅದನ್ನು ಒಪ್ಪುತ್ತದೆ. ದುರಸ್ತಿ ಎಂದರೆ ಸಡಿಲ ಕಾಂಕ್ರೀಟನ್ನು ಗಟ್ಟಿ ಸಿಗುವವರೆಗೆ ಕೆತ್ತಿ ತೆಗೆದು, ತೊಳೆದು, ತಕ್ಕ ಮೈಕ್ರೊ ಕಾಂಕ್ರೀಟಿನಿಂದ ತುಂಬುವುದು. ಪಿಲ್ಲರಾದರೆ ಕೆತ್ತುವ ಮೊದಲು ಮೇಲಿನ ಭಾರಕ್ಕೆ ಆಸರೆ ಕೊಡಬೇಕು. ಇದನ್ನು ಮೇಸ್ತ್ರಿಯ ಅಂದಾಜಿಗೆ ಬಿಡುವಂತಿಲ್ಲ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅಲ್ಲಿಯ ಕಾರಣಗಳು ಬೇರೆ ಇರಬಹುದು, ನಮ್ಮ ಚರ್ಚೆಗೆ ಅದನ್ನು ಎಳೆದು ತರುವುದಿಲ್ಲ. ಆದರೆ ಪಿಲ್ಲರ್ ಮುಂದೆ ನಿಂತು “ಹೋಗಲಿ ಬಿಡು, ಗೆಳೆಯ” ಎನ್ನುವ ಮುಂಚೆ ಪ್ರತಿಯೊಬ್ಬ ಗುತ್ತಿಗೆದಾರನೂ ಅದನ್ನು ನೆನೆಯಬೇಕು.

“ಹೇಳಿದರೆ ಸ್ನೇಹ ಹಾಳಾಗುತ್ತೆ.”

ನಾನು ಕಂಡಂತೆ ಸ್ನೇಹ ಹಾಳಾಗುವುದು ಹೇಳಿದ್ದರಿಂದಲ್ಲ, ತಡವಾಗಿ ಹೇಳಿದ್ದರಿಂದ. ಅದಕ್ಕಿಂತ ಹೆಚ್ಚಾಗಿ ಬೇರೆಯವರ ಹತ್ತಿರ ಹೇಳಿದ್ದರಿಂದ. ಸಿಮೆಂಟ್ ಅಂಗಡಿಯಲ್ಲಿ, ಚಹಾ ಕುಡಿಯುವಾಗ, ಇನ್ನೊಬ್ಬ ಮೇಸ್ತ್ರಿಯ ಮುಂದೆ “ಅವನ ಕೆಲಸ ಸರಿಯಿಲ್ಲ ಮಾರಾಯ” ಎಂದದ್ದು ಸಂಜೆಯೊಳಗೆ ಅವನ ಕಿವಿಗೆ ಬಿದ್ದಿರುತ್ತದೆ. ಅವನೆದುರು ಮಾತ್ರ ನೀವು ನಕ್ಕು ಮಾತಾಡಿಸಿರುತ್ತೀರಿ. ಅದನ್ನು ಯಾವ ಗೆಳೆಯನೂ ಕ್ಷಮಿಸುವುದಿಲ್ಲ.

ಹೇಳುವುದಕ್ಕೂ ಒಂದು ಜಾಗ, ಒಂದು ಹೊತ್ತು ಇದೆ. ಅವನ ಕೂಲಿಯವರ ಮುಂದೆ ಹೇಳಬೇಡಿ. ನಾಳೆ ಅವನು ಅವರಿಂದಲೇ ಕೆಲಸ ತೆಗೆಯಬೇಕು. ಅವನ ಮನೆಯಲ್ಲಿ, ಹೆಂಡತಿ ಮಕ್ಕಳ ಎದುರು ಹೇಳಬೇಡಿ. ರಾತ್ರಿ ಫೋನಿನಲ್ಲಿ ಖಂಡಿತ ಬೇಡ. ಕೆಲಸ ಮುಗಿದು ಆಳುಗಳು ಹೊರಟ ಮೇಲೆ, ಅದೇ ಗೋಡೆಯ ಎದುರು, ಕೈಯಲ್ಲಿ ಗುಂಡು ಹಿಡಿದು ಹೇಳಿ. “ನೀನು ಸರಿಯಾಗಿ ಮಾಡಿಲ್ಲ” ಎಂದು ಶುರುಮಾಡುವ ಬದಲು “ಬಾ, ಇದಕ್ಕೊಂದು ಗುಂಡು ಬಿಟ್ಟು ನೋಡೋಣ” ಎನ್ನಿ. ದಾರವನ್ನು ಅವನ ಕೈಗೇ ಕೊಡಿ. ಕಸಬು ಬಲ್ಲವನಿಗೆ ಆಮೇಲೆ ನೀವು ಏನನ್ನೂ ಹೇಳಬೇಕಾಗುವುದಿಲ್ಲ. ನೋಡಿದ ಮೇಲೂ ಅವನು “ಇಷ್ಟೆಲ್ಲ ಯಾರು ನೋಡ್ತಾರೆ” ಎಂದರೆ ಅದೂ ಒಂದು ಉತ್ತರವೇ.

ಆಮೇಲೆ ಕಾರಣ ಕೇಳಿ, ನಿಜವಾಗಿ ಕೇಳಿ. ಬಹಳ ಸಲ ತಪ್ಪಿನ ಒಂದು ಪಾಲು ಗುತ್ತಿಗೆ ಕೊಟ್ಟವರದ್ದೂ ಇರುತ್ತದೆ. ಗೆಳೆಯ ಅನ್ನುವ ಸಲಿಗೆಯಲ್ಲಿ ಮಾರುಕಟ್ಟೆಗಿಂತ ಕಡಿಮೆ ದರಕ್ಕೆ ಒಪ್ಪಿಸಿರುತ್ತಾರೆ. ಆ ದರಕ್ಕೆ ಪಳಗಿದ ಗಾರೆಯವರು ಸಿಗದೆ ಅವನು ಹೊಸಬರನ್ನು ತಂದಿರುತ್ತಾನೆ. ತೊಳೆಯದ, ಧೂಳು ಹೆಚ್ಚಿರುವ ಎಂ-ಸ್ಯಾಂಡ್ ತರಿಸಿಕೊಟ್ಟವರು ಗುತ್ತಿಗೆದಾರರೇ ಆಗಿರುತ್ತಾರೆ. ನಕ್ಷೆಯನ್ನು ಎರಡು ಬಾರಿ ಬದಲಿಸಿ ಗೃಹಪ್ರವೇಶದ ಮುಹೂರ್ತವನ್ನು ಮಾತ್ರ ಹಾಗೇ ಇಟ್ಟಿರುತ್ತಾರೆ. ಅಥವಾ ಗೆಳೆಯ ನಾಲ್ಕು ಸೈಟು ಒಟ್ಟಿಗೆ ಹಿಡಿದು ಈ ಕೆಲಸವನ್ನು ಇನ್ನೊಂದು ಗುಂಪಿಗೆ ದಾಟಿಸಿ ತಾನು ತಲೆಯನ್ನೇ ಹಾಕಿರುವುದಿಲ್ಲ. ಕಾರಣಕ್ಕೆ ತಕ್ಕಂತೆ ಪರಿಹಾರ ಬೇರೆ. ದರ ಸಾಲದಿದ್ದರೆ ದರ ಸರಿಮಾಡಬೇಕು, ಮರಳು ಕೆಟ್ಟಿದ್ದರೆ ಒಡೆದು ಕಟ್ಟುವ ಖರ್ಚು ನೀವು ಹೊರಬೇಕು. ಅಲಕ್ಷ್ಯವಾಗಿದ್ದರೆ ಅವನ ಖರ್ಚಿನಲ್ಲಿ ಅವನೇ ಸರಿಮಾಡಬೇಕು.

ಇಷ್ಟೆಲ್ಲ ಮಾಡಿಯೂ ಸ್ನೇಹ ಮುರಿಯಬಹುದು. ಆಗಲಿ. ಕೆಟ್ಟ ಪಿಲ್ಲರನ್ನು ಕಂಡೂ ಕಾಣದಂತಿರಬೇಕು ಎಂದು ಕೇಳುವ ಸ್ನೇಹ ಉಳಿಸಿಕೊಳ್ಳುವಂಥದ್ದಲ್ಲ.

“ಬರೀ ಬಾಯಿಮಾತು, ಕಾನೂನಿನಲ್ಲಿ ನಿಲ್ಲಲ್ಲ.”

ನಿಲ್ಲುತ್ತದೆ. ಕರಾರು ಕಾಯ್ದೆ ಇಂಥ ಕೆಲಸದ ಬಾಯಿಮಾತಿನ ಒಪ್ಪಂದವನ್ನೂ ಒಪ್ಪಂದವೆಂದೇ ನೋಡುತ್ತದೆ. ಕಷ್ಟವಿರುವುದು ಸಾಬೀತು ಮಾಡುವುದರಲ್ಲಿ. ದರ ಮಾತಾಡಿದ ವಾಟ್ಸ್ಯಾಪ್ ಸಂದೇಶ, ಫೋನ್‌ಪೇ ಪಾವತಿ, ಸೈಟಿನ ಡೈರಿ, ದಿನಾಂಕ ಇರುವ ಫೋಟೊಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಆದ್ದರಿಂದ ಫೋನ್ ಬದಲಿಸುವಾಗ ಹಳೆಯದನ್ನು ಅಳಿಸಬೇಡಿ. ಒಪ್ಪಂದ ಮುರಿದದ್ದಕ್ಕೆ ಪರಿಹಾರ ಕೇಳಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಅವಧಿ ಇದೆ.

ಗೋಡೆಯ ಎದುರು ಮಾತಾಡಿ ಬಂದ ದಿನವೇ ಮೆತ್ತಗೆ ಒಂದು ಸಂದೇಶ ಹಾಕಿಬಿಡಿ: “ಇವತ್ತು ನೋಡಿದಂತೆ ಹಿಂದಿನ ರೂಮಿನ ಗೋಡೆ ಗುಂಡಿಗೆ ಬಂದಿಲ್ಲ, ಮುಂದಿನ ಶನಿವಾರದೊಳಗೆ ಒಡೆದು ಕಟ್ಟಿಕೊಡುವುದಾಗಿ ಹೇಳಿದ್ದೀಯ.” ಇದು ಬೆದರಿಕೆಯಲ್ಲ. ಇಬ್ಬರಿಗೂ ಒಂದೇ ನೆನಪು ಉಳಿಯಲು ಅಷ್ಟೆ.

“ಬಾಕಿ ಹಿಡಿದಿಟ್ಟರೆ ದಾರಿಗೆ ಬರ್ತಾನೆ.”

ಶನಿವಾರದ ಬಟವಾಡೆಯನ್ನು ಹಿಡಿದರೆ ನೋವಾಗುವುದು ನಿಮ್ಮ ಗೆಳೆಯನಿಗಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಸೈಟಿನ ಶೆಡ್ಡಿನಲ್ಲಿ ಮಕ್ಕಳನ್ನು ಕಟ್ಟಿಕೊಂಡಿರುವ ಆಳುಗಳಿಗೆ. ಗೋಡೆ ವಾಲಿದ್ದಕ್ಕೆ ಗಾರೆ ಹೊತ್ತ ಹೆಣ್ಣುಮಗಳ ಕೂಲಿ ನಿಲ್ಲಬಾರದು. ಅದು ಕಾನೂನಿಗಿಂತ ಮೊದಲು ನ್ಯಾಯದ ಮಾತು.

ಹಿಡಿಯುವುದಿದ್ದರೆ ಕೆಟ್ಟ ಕೆಲಸದ ಮಟ್ಟಿಗೆ ಮಾತ್ರ ಹಿಡಿಯಿರಿ. ಇಬ್ಬರೂ ಕೂಡಿ ಅಳತೆ ತೆಗೆಯಿರಿ. ಆದ ಕೆಲಸ ಎಷ್ಟು, ಸರಿಯಾದದ್ದು ಎಷ್ಟು, ಒಡೆಯಬೇಕಾದದ್ದು ಎಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕಿ. ಸರಿಯಾದ ಕೆಲಸದ ಹಣ ಅವನ ಹಕ್ಕು. ಪುಕ್ಕಟೆಯಾಗಿ ಮಾಡದ ಕೆಲಸದ ಪ್ರಯೋಜನ ಪಡೆದವರು ಅದಕ್ಕೆ ಬೆಲೆ ಕೊಡಬೇಕು ಎಂದು ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತದೆ. ಹಾಗೆಯೇ 73ನೇ ಕಲಮು ನಷ್ಟ ಕೇಳುವವನು ಅದನ್ನು ತಗ್ಗಿಸಲು ಏನು ಮಾಡಬಹುದಿತ್ತು ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೆಟ್ಟ ಗೋಡೆಯ ಮೇಲೆಯೇ ಬೇಕೆಂದು ಪ್ಲಾಸ್ಟರು, ಬಣ್ಣ ಎಲ್ಲ ಮಾಡಿಸಿ ಕೊನೆಗೆ ಅಷ್ಟನ್ನೂ ಗೆಳೆಯನ ತಲೆಗೆ ಕಟ್ಟಲು ಆಗುವುದಿಲ್ಲ. ಸರಿಮಾಡಲು ಅವನಿಗೆ ಒಂದು ಅವಕಾಶ, ಒಂದು ದಿನಾಂಕ ಕೊಡಿ. ಆ ದಿನ ದಾಟಿದರೆ ಬೇರೆಯವರಿಂದ ಮಾಡಿಸಿ, ಬಿಲ್ಲು ಇಟ್ಟುಕೊಂಡು, ಅಷ್ಟನ್ನೇ ಕಳೆಯಿರಿ.

“ಆಗಲಿಲ್ಲ ಅಂದರೆ ಗ್ರಾಹಕರ ಕೋರ್ಟು ಇದೆ, ರೇರಾ ಇದೆ.”

ಇವೆರಡೂ ಇರುವುದು ಮುಖ್ಯವಾಗಿ ಮನೆಯವರಿಗಾಗಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಮನೆ ನಿರ್ಮಾಣವೂ ಸೇವೆಯೇ. ಯಜಮಾನರು ಎರಡು ವರ್ಷದೊಳಗೆ ನಿಮ್ಮ ಮೇಲೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ವ್ಯಾಪಾರಕ್ಕಾಗಿ ಉಪಗುತ್ತಿಗೆ ಕೊಟ್ಟ ನೀವು ಗೆಳೆಯನ ವಿರುದ್ಧ ಗ್ರಾಹಕ ಎನಿಸಿಕೊಳ್ಳುವುದು ಕಷ್ಟ. ರೇರಾ ಕಾಯ್ದೆಯ ಐದು ವರ್ಷದ ದೋಷ ಹೊಣೆಗಾರಿಕೆ ಫ್ಲ್ಯಾಟು, ಮನೆ ಮಾರುವ ಪ್ರವರ್ತಕರಿಗೆ ಸಂಬಂಧಿಸಿದ್ದು. ಒಬ್ಬರ ಸೈಟಿನಲ್ಲಿ ಕಟ್ಟಿಕೊಡುವ ಮನೆಗೆ ಅನ್ವಯಿಸುವುದಿಲ್ಲ.

ಗೆಳೆಯರಿಬ್ಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿ. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ಕೂತು ರಾಜಿ ಮಾಡಿಕೊಳ್ಳಬಹುದು, ಕೋರ್ಟ್ ಶುಲ್ಕ ಇಲ್ಲ. ಅಲ್ಲಿ ಬರೆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲಿಲ್ಲ. ಅದಕ್ಕೂ ಮುಂಚೆ ಇಬ್ಬರಿಗೂ ಹಿರಿಯರಾದ ಒಬ್ಬ ಮೇಸ್ತ್ರಿಯನ್ನು ಸೈಟಿಗೆ ಕರೆತಂದು ತೋರಿಸುವ ಹಳೆಯ ರೂಢಿ ನನ್ನ ಪ್ರಕಾರ ಇವತ್ತಿಗೂ ಒಳ್ಳೆಯದು.

“ಇನ್ಮೇಲೆ ಗೆಳೆಯರಿಗೆ ಕೆಲಸಾನೇ ಕೊಡಬಾರದು.”

ಸುಟ್ಟುಕೊಂಡವರು ಹೀಗೆ ಆಣೆ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಈ ಕಸಬು ನಡೆಯುವುದೇ ಪರಿಚಯದ ಮೇಲೆ. ನಾಳೆ ಬೆಳಿಗ್ಗೆ ಮೋಲ್ಡ್ ಇದೆ ಎಂದಾಗ ರಾತ್ರಿ ಹತ್ತಕ್ಕೆ ಆಳು ಹೊಂದಿಸಿಕೊಡುವವನು ಗೆಳೆಯನೇ. ಕೆಲಸ ಕೊಡಿ, ಜೊತೆಗೆ ಅರ್ಧ ಹಾಳೆ ಕಾಗದವನ್ನೂ ಕೊಡಿ. ಏನು ಕೆಲಸ, ಯಾವ ದರ, ಸಾಮಾನು ಯಾರದು, ಯಾವ ಹಂತದಲ್ಲಿ ತಪಾಸಣೆ, ಕೆಟ್ಟರೆ ಎಷ್ಟು ದಿನದಲ್ಲಿ ಯಾರ ಖರ್ಚಿನಲ್ಲಿ ಸರಿಮಾಡುವುದು, ಇಷ್ಟು ಬರೆದರೆ ಸಾಕು. ಸರ್ಕಾರಿ ಕಾಮಗಾರಿಗಳಲ್ಲಿ ಬಿಲ್ಲಿನ ಒಂದು ಪಾಲನ್ನು ಹಿಡಿದಿಟ್ಟು ದೋಷ ಹೊಣೆಗಾರಿಕೆಯ ಅವಧಿ ಮುಗಿದ ಮೇಲೆ ಬಿಡುವಂತೆ ನೀವೂ ಮೊದಲೇ ಮಾತಾಡಿ ಸ್ವಲ್ಪ ಹಣ ಉಳಿಸಿಕೊಂಡು, ಒಂದು ಮಳೆಗಾಲ ಕಳೆದ ಮೇಲೆ ತಪ್ಪದೆ ಕೊಟ್ಟುಬಿಡಿ. ಕೊಡುವ ದಿನ ಅವನು ಕೇಳುವವರೆಗೆ ಕಾಯಬೇಡಿ.

ಈಗಾಗಲೇ ಗೆಳೆಯನ ಕೆಲಸ ನಿಮ್ಮ ಸೈಟಿನಲ್ಲಿ ನಡೆಯುತ್ತಿದ್ದು, ಮನಸ್ಸಿನಲ್ಲಿ ಸಣ್ಣ ಅಳುಕು ಇದ್ದರೆ, ಪ್ಲಾಸ್ಟರಿಂಗ್ ಶುರುವಾಗುವ ಮೊದಲೇ ಅವನನ್ನು ಕರೆದುಕೊಂಡು ಹೋಗಿ ಗೋಡೆಗಳಿಗೆಲ್ಲ ಗುಂಡು ಬಿಟ್ಟು ನೋಡಿ. ಅದರ ಮರುದಿನಕ್ಕೆ ಮುಂದೂಡಬೇಡಿ.